ಫೋಟೊದಲ್ಲಿ ಆಡು ಇರಲಿಲ್ಲ

ಪ್ರಶ್ನೆ: ದಿನಾ ಬಾಗಲಕೋಟೆಯಿಂದ ಇಳಕಲ್‌ಗೆ ಬಸ್ಸಿನಲ್ಲಿ ಓಡಾಡುತ್ತೇನೆ. ಬಸ್ಸಿನಲ್ಲಿ ಕೂತವರ ಫೋಟೊ ತೆಗೆಯುವ ಹುಚ್ಚು ನನಗೆ. ಮೆಸೇಜ್ ಓದುವವನ ಹಾಗೆ ಮೊಬೈಲ್ ಹಿಡಿದು, ಯಾರಿಗೂ ಗೊತ್ತಾಗದಂತೆ ತೆಗೆಯುತ್ತೇನೆ. ಮುನ್ನೂರಕ್ಕಿಂತ ಜಾಸ್ತಿ ಆಗಿವೆ. ಕೆಲವನ್ನು ಇನ್‌ಸ್ಟಾಗ್ರಾಂಗೂ ಹಾಕಿದ್ದೇನೆ. ಹೋದ ವಾರ ಅಮೀನಗಡದಲ್ಲಿ ಹತ್ತಿದ ಹೆಣ್ಣುಮಗಳೊಬ್ಬರು “ಏನ್ ತಗೀಲಾಕತ್ತೀರಿ?” ಎಂದು ಕೇಳಿದರು. ಮೊಬೈಲ್ ಜೇಬಿಗೆ ಹಾಕಿ ಸುಮ್ನೆ ಕೂತೆ. ಕೆಟ್ಟ ಉದ್ದೇಶ ಇರಲಿಲ್ಲ ಸರ್. ಕೇಳಿ ತೆಗೆದರೆ ಎಲ್ಲರೂ ಸೆಟೆದು ಕೂರುತ್ತಾರೆ, ಅಲ್ವಾ? ನಾನು ಮಾಡಿದ್ದು ತಪ್ಪೇ?
– ಒಬ್ಬ ಓದುಗ, ಬಾಗಲಕೋಟೆ

ಉತ್ತರ: ಆ ಹೆಣ್ಣುಮಗಳು ಕೇಳಿದಾಗ ಫೋಟೊ ತೋರಿಸಿದ್ದರೆ ನೀವು ನನಗೆ ಪತ್ರ ಬರೆಯುತ್ತಲೇ ಇರಲಿಲ್ಲ ಅನಿಸುತ್ತದೆ. ಇರಲಿ. ಇದನ್ನು ಹೇಳಲು ನನಗೂ ದೊಡ್ಡ ಅಧಿಕಾರವೇನಿಲ್ಲ.

1994. ನಮ್ಮ ವಿಜಯಪುರ ಆಗಿನ್ನೂ ಬಿಜಾಪುರ. ಸ್ಟುಡಿಯೊ ತೆರೆದು ಎರಡು ವರ್ಷವಾಗಿತ್ತು. ರೋಲ್ ತರಲು ಸೊಲ್ಲಾಪುರಕ್ಕೆ ಹೋಗಿ ಮೀಟರ್‌ಗೇಜ್ ಗಾಡಿಯಲ್ಲಿ ವಾಪಸ್ ಬರುತ್ತಿದ್ದೆ. ಎದುರಿಗೆ ಕಿಟಕಿ ಪಕ್ಕ ಒಬ್ಬಳು ಹುಡುಗಿ. ಇಂಡಿ ರೋಡ್ ಸ್ಟೇಷನ್ನಿನಲ್ಲಿ ಒಬ್ಬ ಹುಡುಗ ನಿಂಬೆಹಣ್ಣಿನ ಚೀಲ ಹೊತ್ತು ಹತ್ತಿದ. ಬೇರೆಲ್ಲೂ ಜಾಗ ಇರಲಿಲ್ಲ, ಅವಳ ಪಕ್ಕ ಕೂತ. ಹೊರಗೆ ಆಡೊಂದು ಯಾರದೋ ರೊಟ್ಟಿಗಂಟಿಗೆ ಬಾಯಿ ಹಾಕಿ, ಅರಿವೆ ಸಮೇತ ಎಳೆದುಕೊಂಡು ಓಡಿತು. ಇಬ್ಬರೂ ನಕ್ಕರು. ಕ್ಯಾಮೆರಾ ತೊಡೆಯ ಮೇಲೇ ಇತ್ತು, ಒತ್ತಿದೆ. ಸಂಜೆ ಬೆಳಕು, ಚೀಲದ ಬಾಯಲ್ಲಿ ಇಣುಕುವ ಹಳದಿ ಹಣ್ಣು, ಎರಡು ನಗುಮುಖ. ದೊಡ್ಡದು ಮಾಡಿಸಿ ಅಂಗಡಿಯ ಶೋಕೇಸಿನಲ್ಲಿ ಇಟ್ಟೆ. ಹೋಗಿಬರುವವರೆಲ್ಲ ನಿಂತು ನೋಡುತ್ತಿದ್ದರು. ನನಗೂ ಹೆಮ್ಮೆ.

ಎಂಟು ದಿನಕ್ಕೆ ಅವಳ ಅಣ್ಣ ಬಂದ. “ಈ ಹುಡುಗ ಯಾರ್ರೀ?” ಎಂದ. ಗೊತ್ತಿಲ್ಲ ಎಂದೆ. “ನಮ್ಮ ತಂಗಿನೂ ಹಂಗs ಅಂತಾಳ. ಇಬ್ಬರೂ ಗೊತ್ತಿಲ್ಲದs ಹೆಂಗ್ ಹಚ್ಚೀರಿ?” ಆಡಿನ ಕತೆ ಹೇಳಿದೆ. ಅವನು ಫೋಟೊ ನೋಡಿದ, ನನ್ನ ಮುಖ ನೋಡಿದ. ಫೋಟೊದಲ್ಲಿ ಆಡು ಇರಲಿಲ್ಲ. ನೆಗೆಟಿವ್ ಕತ್ತರಿಸಿ ಅವನ ಕೈಗೇ ಕೊಟ್ಟೆ. ಮನೆಯಲ್ಲಿ ಆ ಹುಡುಗಿ ಏನೇನು ಕೇಳಿಸಿಕೊಂಡಳೋ, ನನಗೆ ತಿಳಿಯಲಿಲ್ಲ.

ಬಸ್ಸು, ರೈಲಿನ ಫಜೀತಿಯೇ ಇದು. ಸಂತೆಯಲ್ಲಾದರೆ ಬೇಡ ಅನ್ನಿಸಿದವರು ಆಚೆ ಸರಿದು ಹೋಗಬಹುದು. ಬಸ್ಸಿನಲ್ಲಿ ಪಕ್ಕ ಯಾರು ಕೂರುತ್ತಾರೆ ಅನ್ನುವುದು ಅವರ ಕೈಯಲ್ಲಿಲ್ಲ, ನಡುವೆ ಇಳಿಯುವ ಹಾಗೂ ಇಲ್ಲ. ನಿಮ್ಮ ಫೋಟೊ ಮಾತ್ರ ಯಾರು, ಯಾವ ದಿನ, ಎಲ್ಲಿ, ಯಾರ ಜೊತೆ ಎಂದು ಊರಿಗೆಲ್ಲ ಹೇಳಿಬಿಡುತ್ತದೆ. ನನ್ನದು ಒಂದು ಶೋಕೇಸು. ನಿಮ್ಮದು ಇನ್‌ಸ್ಟಾಗ್ರಾಂ.

ಕಾನೂನಿನ ಮಾತು ಹೇಳುವುದಾದರೆ, ಬಸ್ಸಿನಲ್ಲಿ ಫೋಟೊ ತೆಗೆದದ್ದೇ ಅಪರಾಧ ಆಗಿಬಿಡುವುದಿಲ್ಲ. ಹಾಗಂತ ಧೈರ್ಯವಾಗಿ ಇರಬೇಡಿ. 2025ರ ಮೇನಲ್ಲಿ ಬೆಂಗಳೂರು ಮೆಟ್ರೊದಲ್ಲಿ ಹೆಣ್ಣುಮಕ್ಕಳ ವಿಡಿಯೊಗಳನ್ನು ಕದ್ದು ತೆಗೆದು ಇನ್‌ಸ್ಟಾಗ್ರಾಂಗೆ ಹಾಕಿದ ಪ್ರಕರಣದಲ್ಲಿ ಪೊಲೀಸರು ಒಬ್ಬನನ್ನು ಬಂಧಿಸಿದರು. ನಿಮ್ಮ ಉದ್ದೇಶ ಬೇರೆ, ಒಪ್ಪುತ್ತೇನೆ. ಮೊಬೈಲ್ ಹಿಡಿಯುವ ರೀತಿ ಮಾತ್ರ ಒಂದೇ.

ದೊಡ್ಡವರೂ ಕದ್ದು ತೆಗೆದಿದ್ದಾರೆ ಎಂದು ನೀವು ಕೇಳಬಹುದು. ಹೌದು. ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟು, ಗುಂಡಿಗಳ ನಡುವಿನಿಂದ ಎದುರಿಗಿದ್ದವರನ್ನು ತೆಗೆದ. ಆದರೆ ಅವು ಪುಸ್ತಕವಾಗಿ ಬಂದದ್ದು 1966ರಲ್ಲಿ. ನೀವು ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಹಾಕಿಬಿಡುತ್ತೀರಿ.

ಇನ್ನು ಸೆಟೆದು ಕೂರುವ ವಿಚಾರ. ನಿಜ, ಕೂರುತ್ತಾರೆ. “ಯವ್ವಾ, ಒಂದು ಫೋಟೊ ತಗೀಲೇನ್ರಿ?” ಅಂದರೆ ಅಜ್ಜಿ ಸೆರಗು ತಲೆಮೇಲೆ ಎಳೆದು ಪಾಸ್‌ಪೋರ್ಟ್ ಫೋಟೊಕ್ಕೆ ಕೂತಂತೆ ಕೂರುತ್ತಾಳೆ. ಅದನ್ನೂ ತೆಗೆಯಿರಿ, ಅವಳಿಗೆ ತೋರಿಸಿ. ನಕ್ಕು, ಪಕ್ಕದವಳಿಗೂ ತೋರಿಸು ಅನ್ನುತ್ತಾಳೆ. ಹುನಗುಂದ ದಾಟುವಷ್ಟರಲ್ಲಿ ನಿಮ್ಮನ್ನು ಮರೆತು ಎಲೆಗೆ ಸುಣ್ಣ ಹಚ್ಚುತ್ತಿರುತ್ತಾಳೆ. ನಿಮಗೆ ಬೇಕಾದ ಫೋಟೊ ಆಗ ಸಿಗುತ್ತದೆ. ಎಲ್ಲದಕ್ಕೂ ಮುಖವೇ ಬೇಕೆಂದೂ ಇಲ್ಲ. ಕಂಬಿ ಹಿಡಿದ ಬಳೆಗೈ, ವಾಚಿನ ಪಟ್ಟಿಗೆ ಸಿಕ್ಕಿಸಿದ ಟಿಕೆಟ್, ಸೀಟಿನ ಹಿಂದೆ ಇಳಿಬಿದ್ದ ಇಳಕಲ್ ಸೀರೆಯ ಕೆಂಪು ಸೆರಗು ಸಾಕು. ನಿದ್ದೆ ಹೋದವರನ್ನು ಮಾತ್ರ ಬಿಟ್ಟುಬಿಡಿ. ಮಕ್ಕಳಾದರೆ ಅವರ ತಾಯಿಯನ್ನು ಕೇಳಿ.

ಕೇಳದೆ ತೆಗೆದ ಮುಖಗಳನ್ನು ಇವತ್ತೇ ಇನ್‌ಸ್ಟಾಗ್ರಾಂನಿಂದ ಇಳಿಸಿ. ಅಮೀನಗಡದ ಆ ಹೆಣ್ಣುಮಗಳು ಮತ್ತೆ ಸಿಕ್ಕರೆ ನೀವಾಗಿಯೇ ತೋರಿಸಿ. ಬೇಡ ಅಂದರೆ ಅವರೆದುರಿಗೇ ಅಳಿಸಿ. ಹಾಗೆ ಅಳಿಸಿದ್ದು ಮೊಬೈಲಿನ ಕಸದ ಬುಟ್ಟಿಯಲ್ಲಿ ಎಷ್ಟೋ ದಿನ ಉಳಿದಿರುತ್ತದೆ, ಅಲ್ಲಿಂದಲೂ ತೆಗೆಯಿರಿ. ಇರಲಿ ಅಂದರೆ ಒಂದು ಪ್ರಿಂಟ್ ಹಾಕಿಸಿ ಕೊಡಿ. ಮ್ಯಾಟ್ ಪೇಪರ್ ಮೇಲೆ ಹಾಕಿಸಿ, ಬಸ್ಸಿನಲ್ಲಿ ಕೈಬೆವರು ಜಾಸ್ತಿ.