ಲಾಗೋಸ್ ಬೆಳೆದದ್ದು ತೈಲದಿಂದಲೇ?

ನೈಜೀರಿಯಾದಲ್ಲಿ ಅಷ್ಟೊಂದು ತೈಲ ಇದ್ದರೂ ಪೆಟ್ರೋಲ್ ಯಾಕೆ ಹೊರಗಿಂದ ತರಿಸುತ್ತಿದ್ದರು, ಅಲ್ಲಿನ ದೊಡ್ಡ ನಗರ ಲಾಗೋಸ್ ಬೆಳೆದದ್ದು ಆ ತೈಲದ ದುಡ್ಡಿನಿಂದಲೇ ಅಲ್ವಾ ಅಂತ ಕೇಳಿದ್ದೀರಿ.

ಕಚ್ಚಾ ತೈಲ ಇದ್ದರೆ ಸಾಲದು, ಅದನ್ನು ಪೆಟ್ರೋಲ್ ಮಾಡುವ ರಿಫೈನರಿ ಓಡಬೇಕು. ಪೋರ್ಟ್ ಹಾರ್ಕೋರ್ಟ್, ವಾರಿ, ಕಡೂನಾಗಳಲ್ಲಿ ಸರ್ಕಾರದ್ದೇ ರಿಫೈನರಿಗಳಿದ್ದವು. ರಿಪೇರಿಗೆ ಎಷ್ಟು ದುಡ್ಡು ಸುರಿದರೂ ವರ್ಷಗಟ್ಟಲೆ ಸುಮ್ನೆ ನಿಂತಿದ್ದವು. ಅದರ ಮೇಲೆ ಪೆಟ್ರೋಲಿಗೆ ಸಬ್ಸಿಡಿ ಬೇರೆ. ಆ ಅಗ್ಗದ ಪೆಟ್ರೋಲು ಪಕ್ಕದ ಬೆನಿನ್ ದೇಶಕ್ಕೆ ಕದ್ದು ಹೋಗುತ್ತಿತ್ತು. ಆಮದು ವ್ಯಾಪಾರಿಗಳಿಗೆ ಸುಗ್ಗಿಯೋ ಸುಗ್ಗಿ! 2023ರ ಮೇ ಕೊನೆಗೆ ಹೊಸ ಅಧ್ಯಕ್ಷ ಬೋಲಾ ಟಿನುಬು ಸಬ್ಸಿಡಿ ತೆಗೆದರು. ಬೆಲೆ ಕೆಲವೇ ದಿನಗಳಲ್ಲಿ ದುಪ್ಪಟ್ಟಿಗಿಂತ ಜಾಸ್ತಿಯಾಯಿತು. ಈಗ ಲಾಗೋಸ್ ಹತ್ತಿರದ ಲೆಕ್ಕಿಯಲ್ಲಿ ಖಾಸಗಿ ಡಾಂಗೋಟೆ ರಿಫೈನರಿ ಇದೆ. ದಿನಕ್ಕೆ 6.5 ಲಕ್ಷ ಬ್ಯಾರೆಲ್ ಸಾಮರ್ಥ್ಯ. 2024ರ ಸೆಪ್ಟೆಂಬರಿನಿಂದ ಪೆಟ್ರೋಲ್ ಕೊಡುತ್ತಿದೆ. ಅದನ್ನು ಕಟ್ಟುವ ಕೆಲಸದಲ್ಲಿ ನಮ್ಮ ಎಂಜಿನಿಯರ್ಸ್ ಇಂಡಿಯಾ ಕಂಪನಿಯೂ ಇತ್ತು.

ಲಾಗೋಸ್ ಬಗ್ಗೆ ನಿಮ್ಮ ಮಾತು ಅರ್ಧ ಸರಿ. ತೈಲ ಸಿಕ್ಕಿದ್ದು 1956ರಲ್ಲಿ, ನೈಜರ್ ನದಿ ಸಮುದ್ರ ಸೇರುವ ಡೆಲ್ಟಾ ಪ್ರದೇಶದ ಓಲೋಯಿಬಿರಿಯಲ್ಲಿ. ಲಾಗೋಸ್ ಅದಕ್ಕೂ ಮುಂಚೆಯೇ ದೊಡ್ಡ ಬಂದರು. 1991ರ ತನಕ ರಾಜಧಾನಿಯೂ ಆಗಿದ್ದರಿಂದ ತೈಲದ ದುಡ್ಡು ಅಲ್ಲಿಗೆ ಹರಿಯಿತು. ಡೆಲ್ಟಾದ ಮೀನುಗಾರರ ಪಾಲಿಗೆ ಬಂದದ್ದು ಎಣ್ಣೆ ತೇಲುವ ಹೊಳೆಗಳು. ಇವತ್ತಿನ ಲಾಗೋಸ್ ನಡೆಯುವುದು ಬಂದರು, ವ್ಯಾಪಾರ, ಬ್ಯಾಂಕುಗಳಿಂದ. ಬೇರೆ ಬಹುತೇಕ ರಾಜ್ಯಗಳು ಕೇಂದ್ರ ಹಂಚುವ ಹಣಕ್ಕೆ ಕಾಯುತ್ತವೆ. ಲಾಗೋಸ್ ರಾಜ್ಯ ಮಾತ್ರ ತನ್ನ ಆದಾಯದ ದೊಡ್ಡ ಪಾಲನ್ನು ತಾನೇ ತೆರಿಗೆಯಿಂದ ಎತ್ತುತ್ತದೆ.