ನವಮಿಗೆ ಬಾಗಿನ, ವರ್ಷಕ್ಕೆ ಬಲಿಪೂಜೆ

ಪ್ರಶ್ನೆ: ನಾನು ಹಿಂದೂ, ಹೆಂಡತಿ ಕ್ಯಾಥೊಲಿಕ್. ರಿಜಿಸ್ಟರ್ ಮದುವೆ. 36ನೇ ವಯಸ್ಸಿಗೆ ಅವಳಿಗೆ ಸ್ತನ ಕ್ಯಾನ್ಸರ್ ಬಂತು, 38ಕ್ಕೆ ಹೋಗಿಬಿಟ್ಟಳು. ಕೊನೆಯ ವಾರ ತಾನೇ ಫಾದರ್ ಅವರನ್ನು ಮನೆಗೆ ಕರೆಸಿ, ರೋಗಿಗಳಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರ ಮಾಡಿಸಿಕೊಂಡಳು. ಅಕ್ಟೋಬರ್‌ಗೆ ವರ್ಷ ತುಂಬುತ್ತದೆ. ಮುತ್ತೈದೆಯಾಗಿ ಹೋದವಳು, ಅವಿಧವಾ ನವಮಿ ಮಾಡಲೇಬೇಕು ಅಂತ ನನ್ನ ತಾಯಿ. ವರ್ಷದ ಬಲಿಪೂಜೆ (ಮಾಸ್) ಚರ್ಚಿನಲ್ಲೇ ಆಗಬೇಕು ಅಂತ ಅತ್ತೆ. ನವೆಂಬರ್ 2ರೊಳಗೆ ಗ್ರಾನೈಟ್ ಸಮಾಧಿ ಕಟ್ಟಿಸಬೇಕು ಅಂತ ಬಾಮೈದ. ಎಂಟು ವರ್ಷದ ಮಗಳಿಗೆ ‘ಅಮ್ಮ ದೇವರ ಹತ್ತಿರ ಹೋಗಿದ್ದಾಳೆ’ ಅಂತಷ್ಟೇ ಹೇಳಿದ್ದೇವೆ. ಯಾರ ಮಾತು ಕೇಳಲಿ? – ಮಾಲೂರಿನ ಓದುಗ

ಉತ್ತರ: ಮೊದಲು ಕೇಳಬೇಕಾದ್ದು ನಿಮ್ಮ ಪತ್ನಿಯ ಮಾತನ್ನು. ನೋವಿನ ನಡುವೆಯೂ ಫಾದರ್ ಅವರನ್ನು ಕರೆಸಿಕೊಂಡವರು ತಮಗೆ ಯಾವ ಪ್ರಾರ್ಥನೆ ಬೇಕೆಂದು ಹೇಳಿಯೇ ಹೋಗಿದ್ದಾರೆ. ಅವರ ಆತ್ಮಕ್ಕಾಗಿ ಮಾಡುವ ಪ್ರಾರ್ಥನೆ ಚರ್ಚಿನದೇ ಆಗಿರಲಿ.

ಹಾಗೆಂದು ತಾಯಿಯ ಮಾತನ್ನು ತಳ್ಳಿಹಾಕಬೇಡಿ. ಬೇರೆ ಧರ್ಮದಿಂದ ಬಂದ ಸೊಸೆಯನ್ನು ಮನೆಯ ಮುತ್ತೈದೆ ಎಂದು ನೆನೆಯುತ್ತಿದ್ದಾರೆ. ಅದು ದೊಡ್ಡ ಪ್ರೀತಿ. ಪಿಂಡ, ತರ್ಪಣ ಬೇಡ. ಪಿತೃಪಕ್ಷದ ನವಮಿಯಂದು ಒಬ್ಬ ಮುತ್ತೈದೆಯನ್ನು ಕರೆದು ಊಟ ಹಾಕಿ, ಅರಿಸಿನ ಕುಂಕುಮ, ಸೀರೆ, ರವಿಕೆ ಕಣ, ಬಳೆ ಕೊಡಲಿ. ಸೊಸೆಗೆ ಇಷ್ಟವಾದ ಅಡುಗೆಯನ್ನೇ ಮಾಡಲಿ. ಬದುಕಿದ್ದಾಗ ಅವರು ಕುಂಕುಮ ಇಡುತ್ತಿರಲಿಲ್ಲವಾದರೆ ಫೋಟೊಗೂ ಹಚ್ಚಬೇಡಿ. ನಿಮ್ಮ ಅತ್ತೆಯ ಕಣ್ಣಿಗೆ ಮೊದಲು ಬೀಳುವುದು ಅದೇ. ಅವರಿಗೆ ಮೊದಲೇ ಫೋನ್ ಮಾಡಿ, ಇಂಥದ್ದು ಮಾಡುತ್ತೇವೆ, ಇಂಥದ್ದು ಮಾಡುವುದಿಲ್ಲ ಎಂದು ನೀವೇ ಹೇಳಿ. ಬೇರೆಯವರ ಬಾಯಿಂದ ಕೇಳಿದರೆ ಮುನಿಸು ವರ್ಷಗಟ್ಟಲೆ ಉಳಿಯುತ್ತದೆ.

ವರ್ಷದ ಪೂಜೆಯನ್ನು ಎರಡು ಮೂರು ವಾರ ಮುಂಚೆ ಚರ್ಚಿನ ಆಫೀಸಿನಲ್ಲಿ ಬರೆಸಿ. ಜ್ಞಾನಸ್ನಾನದ (ಕ್ರೈಸ್ತ ದೀಕ್ಷೆಯ) ಹೆಸರು, ತೀರಿಕೊಂಡ ದಿನ, ‘ಮೊದಲ ವರ್ಷದ ಸ್ಮರಣೆ’ – ಮೂರನ್ನೂ ಚೀಟಿಯಲ್ಲಿ ಬರೆದು ಕೊಡಿ. ಮನೆಯಲ್ಲಿ ಕರೆಯುವ ಹೆಸರು ಕೊಟ್ಟರೆ ಪೂಜೆಯಲ್ಲಿ ಅದನ್ನೇ ಓದುತ್ತಾರೆ, ಬಂದ ನೆಂಟರಿಗೆ ಗುರುತೇ ಸಿಗುವುದಿಲ್ಲ. ಭಾನುವಾರಕ್ಕಿಂತ ವಾರದ ದಿನ ಒಳ್ಳೆಯದು, ಭಾನುವಾರ ಧರ್ಮಕೇಂದ್ರದ ಗುರುಗಳು ಒಂದು ಪೂಜೆಯನ್ನು ಇಡೀ ಸಭೆಗಾಗಿ ಅರ್ಪಿಸಲೇಬೇಕು. ಕಾಣಿಕೆ ಎಷ್ಟೆಂದು ಆಫೀಸಿನಲ್ಲೇ ಹೇಳುತ್ತಾರೆ. ನವೆಂಬರ್ 2 ಸಮಸ್ತ ಮೃತರ ದಿನ, ಅಂದು ನೂರಾರು ಹೆಸರುಗಳ ನಡುವೆ ನಿಮ್ಮ ಪತ್ನಿಯ ಹೆಸರೂ ಒಂದಾಗುತ್ತದೆ. ಆದ್ದರಿಂದ ವರ್ಷದ ಪೂಜೆಯನ್ನು ಅದರ ಜೊತೆ ಸೇರಿಸಬೇಡಿ. ಪೂಜೆಯಲ್ಲಿ ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಪರಮಪ್ರಸಾದ ಕೊಡುವಾಗ ನೀವೂ ನಿಮ್ಮ ತಾಯಿಯೂ ಬೆಂಚಿನಲ್ಲೇ ಇದ್ದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ.

ಗ್ರಾನೈಟ್ ವಿಷಯದಲ್ಲಿ ಬಾಮೈದನನ್ನು ತಡೆಯಿರಿ. ಅಗೆದು ಮುಚ್ಚಿದ ಮಣ್ಣು ಮಳೆಗೆ ಕುಸಿಯುತ್ತಾ ಹೋಗುತ್ತದೆ. ಒಳಗೆ ಪೆಟ್ಟಿಗೆಯ ಮುಚ್ಚಳ ಮುರಿದಾಗ ಇನ್ನೊಮ್ಮೆ ಇಳಿಯುತ್ತದೆ. ಕೋಲಾರದ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಈಗ ಚಪ್ಪಡಿ ಹಾಸಿದರೆ ಒಂದು ಕಡೆಗೆ ವಾಲಿ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಸದ್ಯಕ್ಕೆ ತಗ್ಗಾದ ಕಡೆ ಕೆಮ್ಮಣ್ಣು ತುಂಬಿ, ದಮ್ಮಸ್ಸು ಮಾಡಿ, ಅರ್ಧ ಅಡಿ ದಿಬ್ಬ ಉಳಿಸಿ. ಸುತ್ತ ಇಟ್ಟಿಗೆ ಇಟ್ಟು ಸುಣ್ಣ ಬಳಿದು, ಶಿಲುಬೆಯ ಮೇಲೆ ಹೆಸರು ಬರೆಸಿ. ನವೆಂಬರ್ 2ಕ್ಕೆ ಇಷ್ಟು ಸಾಕು. ಮೇಣದಬತ್ತಿಯನ್ನು ಗಾಜಿನ ಲೋಟದೊಳಗೆ ಹಚ್ಚಿಡಿ, ಬಯಲಿನ ಗಾಳಿಗೆ ಬರೀ ಬತ್ತಿ ನಿಲ್ಲುವುದಿಲ್ಲ.

ಫೆಬ್ರುವರಿಯ ಹೊತ್ತಿಗೆ ನೆಲ ಗಟ್ಟಿಯಾಗಿದ್ದರೆ ಕಟ್ಟಿಸಿ. ಅದಕ್ಕೆ ಮೊದಲು ಚರ್ಚಿನಿಂದ ಬರವಣಿಗೆಯಲ್ಲೇ ಅನುಮತಿ ಪಡೆಯಿರಿ; ಅಳತೆಗೆ ಮಿತಿ ಇದೆಯೇ, ಜಾಗ ಶಾಶ್ವತವೇ, ಕೆಲವು ವರ್ಷದ ಮೇಲೆ ಮತ್ತೆ ಅಗೆಯುತ್ತಾರೆಯೇ ಎಂದು ಕೇಳಿ. ಕಲ್ಲಿನ ಭಾರ ಗುಂಡಿಯ ಮೇಲಲ್ಲ, ಅದರ ಅಂಚಿನಾಚೆಯ ಗಟ್ಟಿ ನೆಲದ ಮೇಲೆ ಕೂರಬೇಕು. ಕೆತ್ತುವ ಮುನ್ನ ಅಕ್ಷರಗಳನ್ನು ಅದೇ ಅಳತೆಯಲ್ಲಿ ಕಾಗದದ ಮೇಲೆ ಬರೆಸಿ ನೋಡಿ. ಒಂದು ಇಂಚಿಗಿಂತ ಚಿಕ್ಕದಾದರೆ ಒತ್ತಕ್ಷರಗಳಲ್ಲಿ ಬಣ್ಣ ತುಂಬಿಕೊಂಡು ಹೆಸರೇ ಓದಲಾಗದು.

ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ಹತ್ತಿರವಾದದ್ದು ನಿಮ್ಮ ಮಗಳು. ‘ದೇವರ ಹತ್ತಿರ’ ಎನ್ನುವುದು ಅಮ್ಮನ ನಂಬಿಕೆಯೂ ಹೌದು, ಅದನ್ನು ಹಿಂತೆಗೆದುಕೊಳ್ಳಬೇಡಿ. ಆದರೆ ಅದೊಂದೇ ಸಾಲದು. ಕಾರಣ ಗೊತ್ತಿಲ್ಲದ ಮಗು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ: ನಾನು ಹಟ ಮಾಡಿದ್ದಕ್ಕೆ, ಅಮ್ಮನ ಪಕ್ಕ ಮಲಗಿದ್ದಕ್ಕೆ. ಕಾಯಿಲೆಯ ಹೆಸರು ಹೇಳಿ. ‘ಅಮ್ಮನಿಗೆ ಎದೆಯಲ್ಲಿ ಕ್ಯಾನ್ಸರ್ ಆಗಿತ್ತು. ಡಾಕ್ಟರು ತುಂಬಾ ಪ್ರಯತ್ನ ಪಟ್ಟರು, ಔಷಧಿ ಕೆಲಸ ಮಾಡಲಿಲ್ಲ. ಅದು ಮುಟ್ಟಿದರೆ ಅಂಟುವುದಿಲ್ಲ. ನೀನು ಮಾಡಿದ್ದು, ಅಂದದ್ದು ಯಾವುದರಿಂದಲೂ ಬಂದದ್ದಲ್ಲ.’ ಇಷ್ಟು ಹೇಳಿ ಸುಮ್ಮನಾಗಿ, ಪ್ರಶ್ನೆ ಅವಳೇ ಕೇಳಲಿ. ನಾಳೆ ನಿಮಗೆ ಜ್ವರ ಬಂದರೆ ‘ಅಪ್ಪನೂ ಹೋಗ್ತಾನಾ’ ಎಂದು ಕೇಳಬಹುದು. ಇದು ಬೇರೆ, ಮಾತ್ರೆ ತಗೊಂಡರೆ ವಾಸಿಯಾಗುತ್ತದೆ ಎಂದು ಬಿಡಿಸಿ ಹೇಳಿ. ‘ಅಮ್ಮ ನಿದ್ದೆ ಮಾಡ್ತಿದ್ದಾಳೆ’ ಎಂದು ಯಾರೂ ಹೇಳದಂತೆ ನೋಡಿಕೊಳ್ಳಿ, ಮಕ್ಕಳು ಮಲಗುವುದಕ್ಕೇ ಹೆದರುತ್ತಾರೆ. ಪೂಜೆಯ ದಿನ ಹೂವನ್ನು ಅವಳ ಕೈಯಿಂದಲೇ ಇಡಿಸಿ, ಬೇಡವೆಂದರೆ ಬಲವಂತ ಬೇಡ.

ಆಸ್ಪತ್ರೆಯ ಫೈಲು ಮನೆಯಲ್ಲಿರಬಾರದು ಎಂದು ಯಾರಾದರೂ ಸುಡಲು ಹೇಳಿದರೆ ಒಪ್ಪಬೇಡಿ. 36ಕ್ಕೇ ಬಂದ ಸ್ತನ ಕ್ಯಾನ್ಸರ್ ಆದ್ದರಿಂದ ಅದು ವಂಶಪಾರಂಪರ್ಯವಾಗಿ ಬಂದದ್ದೋ ಅಲ್ಲವೋ ಎಂಬ ಪ್ರಶ್ನೆ ಇದ್ದೇ ಇದೆ. ಬಯಾಪ್ಸಿ ವರದಿಯನ್ನು ಜೋಪಾನ ಮಾಡಿ. ಬಯಾಪ್ಸಿಗೆ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ತುಣುಕು, ಅಂದರೆ ಬ್ಲಾಕ್, ಇನ್ನೂ ಇದೆಯೇ ಎಂದು ಪೆಥಾಲಜಿ ವಿಭಾಗದಲ್ಲಿ ವಿಚಾರಿಸಿ. ನಿಮ್ಮ ಪತ್ನಿಗೆ ಅಕ್ಕತಂಗಿಯರಿದ್ದರೆ ಆ ವರದಿ ಹಿಡಿದು ಈಗಲೇ ಕ್ಯಾನ್ಸರ್ ವೈದ್ಯರನ್ನು ಕಾಣಲಿ. ಮಗಳಿಗೆ ಈಗ ಯಾವ ಪರೀಕ್ಷೆಯೂ ಬೇಡ. ತಾಯಿಗೆ ಕಾಯಿಲೆ ಗೊತ್ತಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಅಂದರೆ 26ರ ಸುಮಾರಿಗೆ, ತಪಾಸಣೆ ಶುರು ಮಾಡುವ ಬಗ್ಗೆ ವೈದ್ಯರನ್ನು ಕೇಳಬೇಕಾಗುತ್ತದೆ. ಅಲ್ಲಿಯವರೆಗೆ ಆ ಫೈಲು ಬೀರುವಿನಲ್ಲಿ, ಅವಳ ಜನನ ಪ್ರಮಾಣಪತ್ರದ ಜೊತೆಗಿರಲಿ.