ಕಾರಿಲ್ಲದೆ ಇಥಾಕಾದಲ್ಲಿ ಅಕ್ಟೋಬರ್

ಕಾರಿಲ್ಲ, ಕೈಲಿ ಕಾಸೂ ಕಮ್ಮಿ, ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಏನು ಮಾಡೋದು ಅಂತ ಕೇಳಿದ್ದೀರಿ. ಮೊದಲು ಕ್ಯಾಸ್ಕಡಿಲಾ ಕಣಿವೆ ಇಳಿಯಿರಿ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಂದ ಪೇಟೆಗೆ ನಡೆದು ಹೋಗೋಕೆ ಅದೇ ಚಂದದ ದಾರಿ. ಕಲ್ಲಿನ ಮೆಟ್ಟಿಲು, ಪಕ್ಕದಲ್ಲೇ ಸಾಲು ಸಾಲು ಜಲಪಾತ. ಉದುರಿದ ಎಲೆ ನೆಂದರೆ ಮೆಟ್ಟಿಲು ಭಾರಿ ಜಾರುತ್ತೆ, ಚಪ್ಪಲಿ ಬೇಡ. ಚಳಿಗಾಲಕ್ಕೆ ದಾರಿ ಮುಚ್ಚಿಬಿಡ್ತಾರೆ, ಮುಂದೂಡಬೇಡಿ.

ಶನಿವಾರ ಬಸ್ ಹಿಡಿದು ರೈತರ ಸಂತೆಗೆ ಹೋಗಿ. ಕಾರ್ನೆಲ್‌ಗೆ ತನ್ನದೇ ಸೇಬಿನ ತೋಟವೂ ಇದೆ. ಎಂಪೈರ್, ಜೊನಾಗೋಲ್ಡ್ ತಳಿಗಳು ಇದೇ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಇದೇ ರಾಜ್ಯದ ಜಿನೀವಾ ಊರಲ್ಲಿ ಹುಟ್ಟಿದವು. ಹ್ಯಾಲೋವೀನ್ ಹಬ್ಬದ ಕುಂಬಳಕಾಯಿ ಕೆತ್ತೋದೆಲ್ಲ ಒಂದು ಸಲಕ್ಕೆ ಸಾಕು.

ಕಾರಿರೋ ಗೆಳೆಯರು ಸಿಕ್ಕರೆ ಟಗ್ಯಾನಕ್ ಜಲಪಾತ ಬಿಡಬೇಡಿ: 215 ಅಡಿ. ಜೋಗ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು, ಆದರೂ ನಯಾಗರಕ್ಕಿಂತ ಎತ್ತರ ಕಣ್ರೀ!